ಮರದ ಹಗ್ಗ, ಸೌದೆಯ ಹಗ್ಗ

ರಸ್ತೆ ಅಗಲ ಮಾಡುವವರು ಬಂದ ಮೇಲೆ ಆ ಬೀದಿಯ ಜನರ ಬಾಯಲ್ಲಿ ಸೌದೆಯ ಮಾತು ಬಿಟ್ಟು ಬೇರೆ ಮಾತಿಲ್ಲದಂತಾಯಿತು. ಕೆಲಸದವರ ಪದ್ಧತಿ ಸರಳವಾಗಿತ್ತು. ಮೇಸ್ತ್ರಿ ಮೊದಲು ಬಂದು, ಟೇಪು ಹಿಡಿದು ಅಳೆದು, ಹೋಗಬೇಕಾದ ಮರಕ್ಕೆ ಎದೆಯೆತ್ತರದಲ್ಲಿ ಕೆಂಪು ಬಳೆ ಬಳಿಯುತ್ತಿದ್ದ. ಅವನ ಹಿಂದೆ ಗರಗಸದವನು ಬಂದು ಬಳೆ ತೊಟ್ಟ ಮರವನ್ನು ಉರುಳಿಸುತ್ತಿದ್ದ. ದೊಡ್ಡ ದಿಮ್ಮಿಗಳು ಲಾರಿಗೆ. ಮಿಕ್ಕ ಕೊಂಬೆ, ತುಂಡು, ಚಕ್ಕೆ ಎಲ್ಲ ಕಟ್ಟಿ ಒಯ್ಯುವವರಿಗೆ ಪುಕ್ಕಟೆ.

ಇಲ್ಲಿ ‘ಕಟ್ಟಿ’ ಎನ್ನುವುದೇ ಮುಖ್ಯ. ಹಗ್ಗ ಬಿದ್ದ ಸೌದೆ ನಿಮ್ಮದು. ಹಗ್ಗ ಬೀಳದ್ದು, ನೀವು ಅದರ ಮೇಲೆ ಕಾಲು ಚಾಚಿ ಕೂತಿದ್ದರೂ ನಿಮ್ಮದಲ್ಲ. ಜಗಳ ನೋಡಿ ನೋಡಿ ಸಾಕಾಗಿ ಮೇಸ್ತ್ರಿಯೇ ಈ ನಿಯಮವನ್ನು ಯಾವುದೋ ಊರಿನಿಂದ ಕಲಿತು ತಂದಿದ್ದಿರಬೇಕು. ಬೀದಿಯವರು ಮೊದಲ ದಿನ ಗೊಣಗಿದರು, ಎರಡನೆಯ ದಿನ ಹಗ್ಗ ಹುಡುಕಿಕೊಂಡು ಹೋದರು.

ಬಣ್ಣದ ಮನೆಯ ಸೊಸೆಗೆ ಸೌದೆಯ ಆಸೆ ಉಳಿದವರಿಗಿಂತ ಒಂದು ತೂಕ ಹೆಚ್ಚೇ. ಅವಳದೇನೂ ತಪ್ಪಲ್ಲ. ನೂಲಿಗೆ ಬಣ್ಣ ಕಟ್ಟುವ ಮನೆ ಅದು. ಮುಂದಿನ ಕೋಣೆಯಲ್ಲಿ ಸಾಲಾಗಿ ಮೂರು ಹಂಡೆ, ಮೂರರ ಕೆಳಗೂ ಬೆಂಕಿ. ಬೆಳಗಿನಿಂದ ಸಂಜೆಯವರೆಗೆ ಆ ಒಲೆಗಳು ಬಾಯಿ ತೆರೆದೇ ಇರುತ್ತಿದ್ದವು. ಮಳೆಗಾಲ ಎದುರಿಗೆ ಬಂದು ನಿಂತಿತ್ತು. ಹಿತ್ತಿಲಿನ ಸೌದೆಯ ಅಟ್ಟಣೆಯಲ್ಲಿ ಗೋಡೆ ಕಾಣಿಸತೊಡಗಿತ್ತು.

ಆ ಮನೆಯ ಯಜಮಾನಿ ಅವಳ ಅತ್ತೆ. ಬೀದಿಯವರು ಅವರನ್ನು ಬೆನ್ನ ಹಿಂದೆ ‘ಪಟಕದಮ್ಮ’ ಎನ್ನುತ್ತಿದ್ದರು. ಬಣ್ಣ ನೂಲಿಗೆ ಕಚ್ಚಿಕೊಳ್ಳಬೇಕಾದರೆ ಮೊದಲು ಪಟಕದ ನೀರಿನಲ್ಲಿ ನೂಲನ್ನು ನೆನೆಸಬೇಕು. ಅದು ತಪ್ಪಿದರೆ ಬಣ್ಣ ಮೊದಲ ಒಗೆತಕ್ಕೇ ಕೈ ಕೊಡುತ್ತದೆ. ಆದ್ದರಿಂದ ಮಾತೆತ್ತಿದರೆ ಅವರದು ಒಂದೇ ಪ್ರಶ್ನೆ: “ಪಟಕ ಹಾಕಿದ್ಯಾ?” ಸಾರಿಗೆ ಉಪ್ಪು ಹಾಕಿದೆಯಾ ಎಂದು ಕೇಳಲು ಹೋಗಿಯೂ ಒಮ್ಮೆ ಪಟಕವನ್ನೇ ಕೇಳಿದ್ದರಂತೆ. ಅವರ ಇನ್ನೊಂದು ಮಾತು ಪೇಟೆಗೆಲ್ಲ ಗೊತ್ತಿತ್ತು: “ನೂಲು ಹರಿದು ಹೋಗಬಹುದು, ನಮ್ಮನೆ ಕೆಂಪು ಹೋಗಲ್ಲ.”

ಆ ಕೆಂಪಿನ ಹಂಡೆಯನ್ನು ಅತ್ತೆ ಯಾರ ಕೈಗೂ ಕೊಟ್ಟವರಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೇ “ನಿನ್ನದು ಗಡಿಬಿಡಿ ಕೈ” ಎಂದು ಲಾರಿ ಓಡಿಸಲು ಅಟ್ಟಿದ್ದರು. ಸೊಸೆ ಬಂದು ಎಷ್ಟೋ ವರ್ಷ ಹಳದಿ, ಕಂದು ಹಂಡೆಗಳಿಗೇ ಅಂಟಿಕೊಂಡಿದ್ದಳು. ಈ ಸಲ ಬೇಸಗೆ ಕಳೆಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಕೆಂಪಿನ ಹಂಡೆಯ ಕೋಲನ್ನು ಅವಳ ಕಡೆ ಚಾಚಿ, “ಹಿಡ್ಕೋ. ಕೈ ನೋವು ನಂಗೆ” ಎಂದಿದ್ದರು. ಕೈ ನೋವೇನೂ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಬಣ್ಣದ ಮನೆಯ ಮುಂದೆ ಒಂದು ಮರ. ಅದರ ಜಾತಿ ಯಾವುದೆಂದು ಕೇಳಿದರೆ ಅತ್ತೆ “ನೆರಳಿನ ಜಾತಿ” ಎನ್ನುತ್ತಿದ್ದರು. ಬಣ್ಣ ಕಟ್ಟಿದ ನೂಲಿನ ಲಡಿಗಳನ್ನು ಬಿಸಿಲಿಗೆ ಹಾಕಿದರೆ ಒಂದೇ ಮಧ್ಯಾಹ್ನದಲ್ಲಿ ಮುಪ್ಪಾಗಿಬಿಡುತ್ತವೆ. ಒಳಗೆ ಹಾಕೋಣವೆಂದರೆ ಮೂರು ಹಂಡೆಗಳ ಹಬೆ, ಹೊಗೆ. ಹಾಗಾಗಿ ಗಾಳಿಯೂ ನೆರಳೂ ಒಟ್ಟಿಗೆ ಸಿಗುವ ಆ ಮರದ ಅಡಿಯೇ ಆ ಮನೆಯ ನಾಲ್ಕನೆಯ ಕೋಣೆ. ಕಾಂಡಕ್ಕೆ ಎದೆಯೆತ್ತರದಲ್ಲಿ ದಪ್ಪ ಹಗ್ಗವನ್ನು ಮೂರು ಸುತ್ತು ಸುತ್ತಿ, ಗಂಟು ಹಾಕಿ, ತುದಿಯನ್ನು ಗೋಡೆಯ ಕೊಂಡಿಗೆ ಎಳೆದು ಕಟ್ಟಿದ್ದರು. ಅದರ ಮೇಲೆ ಲಡಿಗಳು. ಮರ ಹೋದರೆ ಲಡಿ ಇಲ್ಲ, ಲಡಿ ಇಲ್ಲದಿದ್ದರೆ ಹಂಡೆಗಳನ್ನು ಬೋರಲು ಹಾಕುವುದೇ. ಅದಕ್ಕೇ ಮೇಸ್ತ್ರಿ ಅಳತೆಗೆ ಬಂದ ದಿನ ಅತ್ತೆ ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದು ನಿಂತಿದ್ದರು. ಮರ ರಸ್ತೆಯ ಗೆರೆಯಿಂದ ಒಂದು ಗೇಣು ಆಚೆ ಉಳಿಯಿತು. ಮೇಸ್ತ್ರಿ ಕುಂಚ ಎತ್ತಲಿಲ್ಲ.

ಇಷ್ಟೆಲ್ಲ ಆದ ಕೆಲವು ದಿನಕ್ಕೆ, ಅತ್ತೆ ಒಣಗಿದ ಲಡಿಗಳನ್ನೆಲ್ಲ ಗಂಟು ಕಟ್ಟಿಕೊಂಡು ನೇಯ್ಗೆಯ ಶೆಡ್ಡಿಗೆ ಕೊಡಲು ಹೊರಟರು. ಹೊಸ್ತಿಲು ದಾಟುವಾಗ ತಿರುಗಿ ಹೇಳಿದರು:

“ಮನೆ ಕಡೆ ನಿಗಾ ಇರ್ಲಿ. ಕೆಂಪು ಹಂಡೆ ಸಣ್ಣ ಉರೀಲಿರ್ಲಿ, ಕುದಿಸಿಗಿದಿಸೀಯ.”

“ಆಯ್ತು ಅತ್ತೆ.”

“ಪಟಕ...”

“ನಿನ್ನೇನೇ ಹಾಕಿದೀನಿ ಅತ್ತೆ.”

ಅತ್ತೆ ಬೀದಿಯ ತಿರುವು ದಾಟಿರಬೇಕು, ಅಷ್ಟರಲ್ಲಿ ದರ್ಜಿಯ ಹೆಂಡತಿ ಓಡೋಡಿ ಬಂದಳು. “ಬಾರೇ, ಕೆಳಗಡೆ ರಸ್ತೆ ಬಳಸಿನಲ್ಲಿ ಗಟ್ಟಿ ಮರ ಬಿದ್ದಿದೆ! ಒಣಗಿದ ಕೊಂಬೆ ರಾಶಿ ರಾಶಿ. ಬೇಕರಿಯವನು ಆಗ್ಲೇ ಗಾಡಿ ತಗೊಂಡು ಹೋದ. ಆಮೇಲೆ ಹೋದ್ರೆ ಎಲೆ ಗುಡಿಸ್ಕೊಂಡು ಬರಬೇಕು ಅಷ್ಟೇ.”

ಸೊಸೆ ಹಂಡೆಯ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ, ತಳ್ಳುಗಾಡಿ ಎಳೆದಳು. ಆಗ ನೆನಪಾಯಿತು, ಹಗ್ಗವಿಲ್ಲ. ಸೌದೆಯ ಹಗ್ಗ ಹಿಂದಿನ ದಿನವೇ ಸವೆದು ಎರಡು ತುಂಡಾಗಿತ್ತು. ಮರದ ಹಗ್ಗ ಮಾತ್ರ ಕಣ್ಣೆದುರಿಗೇ ಖಾಲಿ ತೂಗುತ್ತಿತ್ತು. ಲಡಿಯೆಲ್ಲ ಅತ್ತೆಯ ಗಂಟಿನಲ್ಲಿ ಹೋಗಿತ್ತಲ್ಲ. ಒಂದು ಗಳಿಗೆಗೆ ತಾನೇ, ಅತ್ತೆ ಬರುವುದರೊಳಗೆ ಮತ್ತೆ ಕಟ್ಟಿದರಾಯಿತು ಎಂದುಕೊಂಡಳು. ಬಹಳ ದಿನದ ಗಂಟು; ಹಲ್ಲು ಹಾಕಿ ಸಡಿಲಿಸಬೇಕಾಯಿತು. ಬಿಚ್ಚಿ ಎಳೆದು ಗಾಡಿಯೊಳಗೆ ಎಸೆದು, ತಿರುಗಿಯೂ ನೋಡದೆ ಹೋದಳು. ತಿರುಗಿ ನೋಡಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಬಳಸಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಬಿದ್ದ ಮರ ನಿಜಕ್ಕೂ ಗಟ್ಟಿಯದು. ಕಡಿದ ಮುಖ ಹೊಳೆಯುತ್ತಿತ್ತು, ಎರಡು ತುಂಡನ್ನು ತಟ್ಟಿದರೆ ಟಣ್ಣೆನ್ನುತ್ತಿತ್ತು. ಬೇಕರಿಯವನು ಹಿಟ್ಟು ಮೆತ್ತಿದ ತೋಳುಗಳಿಂದ ತುಂಡುಗಳನ್ನು ಬಾಚಿ ಬಾಚಿ ಒಟ್ಟುತ್ತಿದ್ದ.

“ಏನಣ್ಣ, ಇಡೀ ಮರ ಬೇಯಿಸಿ ಬನ್ನು ಮಾಡ್ತೀಯಾ?” ಎಂದಳು ಸೊಸೆ.

“ನೀನು ಬಂದ್ಯಾ ತಂಗಿ! ಬರೋಲ್ಲ ಅಂತ ಒಂಚೂರು ಖುಷೀಲಿದ್ದೆ.” ಅವನು ಪಕ್ಕಕ್ಕೆ ಸರಿಯುವಂತೆ ಮಾಡಿ ಸರಿಯಲಿಲ್ಲ. “ನಿಮ್ಮತ್ತೆ ಬಂದಿಲ್ವಾ?”

“ಶೆಡ್ಡಿಗೆ ಹೋಗಿದಾರೆ.”

“ಅದಕ್ಕೇ ಇಷ್ಟು ಧೈರ್ಯ.”

ಅವಳಿಗೆ ಕೈ ಚುರುಕು. ನೂಲು ಬೇರ್ಪಡಿಸಿ ಅಭ್ಯಾಸವಾದ ಕಣ್ಣು, ರಾಶಿಯಲ್ಲಿ ಒಳ್ಳೆಯದು ಯಾವುದೆಂದು ದೂರದಿಂದಲೇ ಹೇಳುತ್ತಿತ್ತು. ತೋಳಿನ ದಪ್ಪದ ಒಣ ಕೊಂಬೆಗಳನ್ನು ಒಂದೇ ಅಳತೆಗೆ ಜೋಡಿಸಿ, ಗಾಡಿಯ ಮೇಲೆ ಗೋಪುರ ಕಟ್ಟಿ, ಹಗ್ಗ ಬಿಗಿದಳು. ಆ ಉದ್ದದ ಹಗ್ಗಕ್ಕೆ ಇನ್ನೂ ಒಂದು ಸಾಲು ಹಿಡಿಯುತ್ತದೆಂದು ಕಂಡು, ಬಿಚ್ಚಿ, ಒಂದು ಸಾಲು ಏರಿಸಿ ಮತ್ತೆ ಬಿಗಿದಳು. ಬೇಕರಿಯವನು ಹೊಟ್ಟೆ ಉರಿಸಿಕೊಂಡು ನೋಡಿದ. ಅರ್ಧ ಮಳೆಗಾಲವೇ ಆ ಗಾಡಿಯಲ್ಲಿತ್ತು. ಅತ್ತೆ ನೋಡಿ ಏನೂ ಹೇಳುವುದಿಲ್ಲ, ಆದರೆ “ಹೂಂ” ಎನ್ನುತ್ತಾರೆ. ಆ “ಹೂಂ” ಸಾಕು ಎಂದು ಯೋಚಿಸುತ್ತ ಅವಳು ಏರು ಹತ್ತಿಸತೊಡಗಿದಳು.

ಅರ್ಧ ಏರಿನಲ್ಲಿ ಗರಗಸದ ಸದ್ದು ಕೇಳಿಸಿತು. ಹಿಂದಿನಿಂದಲ್ಲ, ಮುಂದಿನಿಂದ.

ಅವಳು ನಿಂತಳು. ಮೇಲಿನ ಬೀದಿಯಲ್ಲಿ ಬಳೆ ತೊಟ್ಟ ಮರ ಯಾವುದೂ ಇರಲಿಲ್ಲ. ಆಮೇಲೆ ಅವಳು ಗಾಡಿಯನ್ನು ಹೇಗೆ ಮೇಲೆ ಸೇರಿಸಿದಳೋ ಅವಳಿಗೇ ಗೊತ್ತಿಲ್ಲ. ಮನೆಯ ಎದುರಿನ ಇಳಿಜಾರಿನಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಓಡಿದಳು.

ಗರಗಸದವನು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ. ಯಂತ್ರದ ಗದ್ದಲಕ್ಕೆಂದು ಕಿವಿಗೆ ಸದಾ ಹತ್ತಿ ತುರುಕಿಕೊಂಡಿರುತ್ತಿದ್ದುದರಿಂದ ಅವನನ್ನು ಎಲ್ಲರೂ ಹತ್ತಿಕಿವಿ ಎನ್ನುತ್ತಿದ್ದರು. ಕೆಳಗಿನ ಒಂದು ಕೊಂಬೆ ಆಗಲೇ ನೆಲದಲ್ಲಿತ್ತು. ಬುಡದ ಬಳಿ, ಬೀದಿಯ ಬದಿಗೆ, ಬಾಯಿಯಷ್ಟಗಲದ ಕಚ್ಚು ಬಿದ್ದಿತ್ತು. ಸೊಸೆ ಕೂಗಿದಳು. ಹತ್ತಿಕಿವಿಗೆ ಏನು ಕೇಳಬೇಕು? ಅವಳು ಅವನೆದುರಿಗೆ ಬಂದು, ಕಾಂಡದ ಮೇಲೆ ಎರಡೂ ಅಂಗೈ ಊರಿ ನಿಂತಳು. ಅವನು ಬೆಚ್ಚಿ ಯಂತ್ರ ನಿಲ್ಲಿಸಿದ.

“ಅಯ್ಯೋ, ಕೈ ತೆಗೀಯಮ್ಮ! ಹುಚ್ಚಾ?”

“ಇದನ್ನ ಯಾಕೆ ಕಡೀತಿದೀಯ? ಇದಕ್ಕೆ ಬಳೆ ಇಲ್ಲ!”

ಅವನು ಒಂದು ಕಿವಿಯ ಹತ್ತಿ ಕಿತ್ತು, “ಏನಂದೆ?” ಎಂದ. ಅವಳು ಮತ್ತೆ ಹೇಳಿದಳು. ಅವನು ಅವಳ ಅಂಗೈಗಳ ನಡುವೆ ಬೆರಳು ತೋರಿಸಿದ.

ಅಲ್ಲಿ ಕೆಂಪು ಬಳೆ ಇತ್ತು. ಎದೆಯೆತ್ತರದಲ್ಲಿ, ಕಾಂಡದ ಸುತ್ತ, ಎಲ್ಲೂ ತಪ್ಪದೆ.

ಸೊಸೆ ಕೈ ತೆಗೆದು ನೋಡಿದಳು. ಮೇಸ್ತ್ರಿ ಯಾವಾಗ ಬಂದು ಬಳಿದ? ಬಳಿಯಲಿಲ್ಲ. ವರ್ಷಗಟ್ಟಲೆ ಹಸಿ ಲಡಿಗಳಿಂದ ತೊಟ್ಟಿಕ್ಕಿದ ಕೆಂಪು ನೀರು ಹಗ್ಗದ ಗುಂಟ ಹರಿದು, ಸುತ್ತುಗಳಲ್ಲಿ ನಿಂತು, ತೊಗಟೆಗೆ ಇಳಿದಿತ್ತು. ಹಗ್ಗ ಇದ್ದಷ್ಟು ದಿನ ಅದು ಯಾರಿಗೂ ಕಂಡಿರಲಿಲ್ಲ. ಹಗ್ಗ ಬಿಚ್ಚಿದವಳು ತಾನೇ.

“ಅದು ನಿಮ್ಮ ಬಳೆ ಅಲ್ಲಣ್ಣ. ನಮ್ಮ ಹಗ್ಗದ ಬಣ್ಣ.”

“ನೋಡಮ್ಮ,” ಎಂದ ಹತ್ತಿಕಿವಿ ಸಮಾಧಾನವಾಗಿ, “ಬಳೆ ಇದ್ರೆ ಕಡೀ, ಬಳೆ ಇಲ್ದಿದ್ರೆ ಮುಟ್ಬೇಡ. ನನ್ನ ಕೆಲಸ ಇಷ್ಟೇ. ಮಾತೆಲ್ಲ ಮೇಸ್ತ್ರಿ ಹತ್ರ.” ಹತ್ತಿಯನ್ನು ಮತ್ತೆ ಕಿವಿಗೆ ತುರುಕಿ, ಬಿದ್ದ ಕೊಂಬೆಯ ಮೇಲೆ ಕೂತು ಬೀಡಿ ಹಚ್ಚಿದ. ಆ ಬೀಡಿ ಮುಗಿಯುವವರೆಗೆ ಸಮಯವಿದೆ ಎಂದು ಅವಳಿಗೆ ಅರ್ಥವಾಯಿತು.

ಅದೃಷ್ಟಕ್ಕೆ ಮೇಸ್ತ್ರಿ ಏರು ಹತ್ತಿ ಬರುತ್ತಿದ್ದ, ಅವನ ಹಿಂದೆ ಗಾಡಿ ತಳ್ಳಿಕೊಂಡು ಬೇಕರಿಯವನು, ಅವನ ಹಿಂದೆ ಸೌದೆ ಹೊತ್ತ ಉಳಿದವರು. ಮೇಸ್ತ್ರಿ ಉಸಿರು ತೆಗೆದುಕೊಂಡು ಮರ ನೋಡಿದ, ಬಳೆ ನೋಡಿದ, ತಲೆ ಕೆರೆದುಕೊಂಡ.

“ಮೇಸ್ತ್ರಿಯಣ್ಣ, ನೀವೇ ಅಳೆದಿದ್ರಿ. ನಮ್ಮತ್ತೆ ಟೇಪು ಹಿಡಿದಿದ್ರು. ಒಂದು ಗೇಣು ಆಚೆ ಇತ್ತು.”

“ನಿಮ್ಮತ್ತೆ ನೆನಪಿದಾರಮ್ಮ, ಅವರನ್ನ ಮರೆಯೋಕಾಗುತ್ತಾ? ಮರ ನೆನಪಿಲ್ಲ. ದಿನಾ ಎಷ್ಟು ಮರ!” ಅವನು ರಸ್ತೆಯ ಅಂಚು ನೋಡಿದ. ಗೆರೆಯ ಗೂಟಗಳು ಜಲ್ಲಿಯ ರಾಶಿಯ ಅಡಿಗೆ ಹೋಗಿದ್ದವು. “ಈಗ ಅಳೆಯೋಣ ಅಂದ್ರೂ ಗೆರೆ ಇಲ್ಲ. ನಾನು ಬಳೆ ಬಳಿದಿದ್ರೆ ಅಳತೆ ನೋಡೇ ಬಳಿದಿರ್ತೀನಿ. ಮರ ಹೋಗ್ಬೇಕು.”

“ನೀವು ಬಳಿದಿದ್ದಲ್ಲ ಇದು. ಬಣ್ಣ, ನೂಲಿನ ಬಣ್ಣ. ಮುಟ್ಟಿ ನೋಡಿ, ತೊಗಟೆ ಒಳಗೆ ಇಳಿದಿದೆ.”

ಮೇಸ್ತ್ರಿ ಉಗುರಿನಿಂದ ಕೆರೆದ. “ನಮ್ಮದೂ ಹಿಂಗೇ ಇಳಿಯುತ್ತಮ್ಮ. ಕಂಟ್ರಾಕ್ಟರ್ ಸಾಹೇಬರು ಅದಕ್ಕೆ ಎಷ್ಟು ನೀರು ಬೆರೆಸ್ತಾರೋ, ಕುಂಚ ಹಿಡಿದವನಿಗೇ ಗೊತ್ತು.”

ಜನ ನಕ್ಕರು. ಸೊಸೆಗೆ ನಗು ಬರಲಿಲ್ಲ. ಹತ್ತಿಕಿವಿಯ ಬೀಡಿ ಬೆರಳ ಹತ್ತಿರ ಬಂದಿತ್ತು. ಅವಳು ಬಳೆಯನ್ನೇ ನೋಡಿದಳು. ಅತ್ತೆ ಹೊಸ ಲಡಿಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ ನೋಡಿದಳು. ಒಂದು ಬಳೆಯಲ್ಲ ಅದು. ಒಂದರ ಮೇಲೊಂದು ಮೂರು. ಪ್ರತಿಯೊಂದರಲ್ಲೂ ಓರೆ ಓರೆಯಾಗಿ ಸಣ್ಣ ಬಿಳಿ ಗೀಟು, ಹಗ್ಗದ ಹುರಿ ಒತ್ತಿದ ಕಡೆ. ಒಂದು ಬದಿಗೆ ಮುಷ್ಟಿಯಷ್ಟು ಕಪ್ಪುಗೆಂಪು ಮಚ್ಚೆ, ಅದು ಗಂಟಿನ ಜಾಗ.

“ಹಗ್ಗ ಸುತ್ತಿ ತೋರಿಸ್ತೀನಿ,” ಎಂದಳು. “ಕೂತರೆ ನಮ್ಮದು, ಕೂರದಿದ್ರೆ ನಿಮ್ಮದು.”

“ತೋರ್ಸು.”

ಹಗ್ಗ ಗಾಡಿಯ ಮೇಲಿತ್ತು, ಗೋಪುರದಷ್ಟು ಸೌದೆಯ ಸುತ್ತ. ಗಾಡಿ ಇಳಿಜಾರಿನಲ್ಲಿತ್ತು. ಅವಳು ಗಂಟಿನ ಮೇಲೆ ಕೈ ಇಟ್ಟಳು. ಬೇಕರಿಯವನು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದ:

“ತಂಗಿ, ಬಿಚ್ಚಿದ್ರೆ... ನಿಯಮ ಗೊತ್ತಲ್ಲ?”

“ಗೊತ್ತಣ್ಣ.”

ಒಂದು ಕ್ಷಣ ಅವಳ ಕೈ ಅಲ್ಲೇ ನಿಂತಿತು. ಅಂಥ ಸೌದೆ ಮತ್ತೆ ಸಿಗುವುದಿಲ್ಲ. ಟಣ್ಣೆನ್ನುವ ಸೌದೆ. ಆಮೇಲೆ ಅವಳು ಗಂಟಿನ ತುದಿಯನ್ನು ಜಗ್ಗಿದಳು.

ಗೋಪುರ ಮೊದಲು ವಾಲಿತು, ಆಮೇಲೆ ಬಾಯಿಬಿಟ್ಟಿತು. ತುಂಡುಗಳು ಒಂದರ ಹಿಂದೊಂದು ಧಡಧಡ ಉರುಳಿ, ಇಳಿಜಾರಿನಲ್ಲಿ ದರ್ಜಿಯ ಮೆಟ್ಟಿಲಿಗೆ, ಚರಂಡಿಯ ಅಂಚಿಗೆ, ಬೇಕರಿಯ ಬಾಗಿಲವರೆಗೆ ಹೋದವು. ಬೀದಿಯವರು ಅತ್ತ ನೋಡಿದರು, ಇತ್ತ ನೋಡಿದರು. ಮರದ ಪರೀಕ್ಷೆ ನೋಡುವುದೋ ಸೌದೆಗೆ ಓಡುವುದೋ ತಿಳಿಯದೆ ಒದ್ದಾಡಿದರು. ಸೌದೆ ಓಡಿಹೋಗುವುದಿಲ್ಲವೆಂದು ಮನಸ್ಸಿಗೆ ಬಂದ ಮೇಲೆ ಮರದ ಸುತ್ತ ನೆರೆದರು.

ಸೊಸೆ ಹಗ್ಗದಲ್ಲಿ ಹಳೆಯ ಗಂಟಿನ ಜಾಗವನ್ನು ಮಚ್ಚೆಯ ಮೇಲಿಟ್ಟು, ಎಡಕ್ಕೆ ಸುತ್ತಿದಳು. ಒಂದು ಸುತ್ತು. ಹಗ್ಗ ತನ್ನ ಜಾಗ ಬಲ್ಲ ಎತ್ತಿನ ಹಾಗೆ ಹೋಗಿ ಕೂತಿತು. ಎರಡನೆಯದು. ಮೂರನೆಯದು. ಕೆಂಪು ಎಲ್ಲೂ ಹೊರಗೆ ಇಣುಕಲಿಲ್ಲ. ಮೇಸ್ತ್ರಿ ಬಗ್ಗಿ, ಹಗ್ಗವನ್ನು ಬೆರಳಿನಿಂದ ಚೂರು ಎತ್ತಿ ನೋಡಿದ. ಹುರಿಯ ಪ್ರತಿ ಉಬ್ಬಿಗೂ ತೊಗಟೆಯಲ್ಲಿ ಒಂದು ಬಿಳಿ ಗೀಟು.

“ನಂದಲ್ಲ,” ಎಂದ. ಆಮೇಲೆ ಹತ್ತಿಕಿವಿಯ ಕಡೆ ತಿರುಗಿ ಗಟ್ಟಿಯಾಗಿ, “ನಂದಲ್ಲ ಕಣೋ! ಎದ್ದೇಳು!”

ಹತ್ತಿಕಿವಿ ಬೀಡಿ ಹೊಸಕಿ ಎದ್ದ. ಅವನ ಮುಖದಲ್ಲಿ ಸಂತೋಷವೂ ಇರಲಿಲ್ಲ, ಬೇಸರವೂ ಇರಲಿಲ್ಲ. ಕೊಂಬೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, “ಇದು ನಿಮ್ಗೇ ಬಿಡಮ್ಮ” ಎಂದು ಹೇಳಿ ಯಂತ್ರ ಹೆಗಲಿಗೇರಿಸಿದ. ಅವನ ಕಡೆಯಿಂದ ಅದೇ ಕ್ಷಮೆ.

“ಒಂದು ಮಾತು,” ಎಂದ ಮೇಸ್ತ್ರಿ. “ನಾಳೆ ಈ ಕಡೆ ಉಳಿದದ್ದು ತೆಗೆಯೋಕೆ ಬೇರೆ ತಂಡ ಬರುತ್ತೆ. ಅವರಿಗೆ ಈ ಕತೆ ಎಲ್ಲ ಯಾರು ಹೇಳ್ತಾರೆ? ಖಾಲಿ ಹಗ್ಗ ಕಂಡ್ರೆ ಬಿಚ್ಚಿ ಎಸೀತಾರೆ, ಬಳೆ ಕಾಣಬಾರದು. ಹಗ್ಗ ಬಿಚ್ಚಿ ಚೆನ್ನಾಗಿ ಉಜ್ಜಿ ತೆಗೆದುಬಿಡು.”

ಸಂಜೆಯ ಹೊತ್ತಿಗೆ ಅತ್ತೆ ಖಾಲಿ ಗಂಟು ಬಗಲಲ್ಲಿಟ್ಟುಕೊಂಡು ಏರು ಹತ್ತಿ ಬಂದಾಗ ಕಂಡದ್ದು ಇದು: ಬೀದಿಯ ತುಂಬ ಜನ ಇನ್ನೂ ಮಿಕ್ಕ ಸೌದೆ ಆರಿಸುತ್ತಿದ್ದಾರೆ, ಮರದ ಒಂದು ಕೊಂಬೆ ಕೆಳಗಿದೆ, ಬುಡದಲ್ಲಿ ಗಾಯ, ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟು, ಬೂದಿ, ತೆಂಗಿನ ನಾರು ಇಟ್ಟುಕೊಂಡು ಮರಕ್ಕೆ ಸ್ನಾನ ಮಾಡಿಸುತ್ತಿದ್ದಾಳೆ. ಮೊಣಕೈವರೆಗೆ ಬೂದಿ. ಕೆಂಪು ಇದ್ದಲ್ಲೇ ಇದೆ. ತೊಳೆದ ಮೇಲೆ ಇನ್ನೂ ಚೆನ್ನಾಗಿ ಕಾಣುತ್ತಿದೆ.

ಅತ್ತೆ ಗಂಟಿನ ಬಟ್ಟೆಯನ್ನು ಹೊಸ್ತಿಲಿಗೆ ಹಾಕಿದರು. “ಹಗ್ಗ ಯಾರು ಬಿಚ್ಚಿದ್ದು?” ಎಂದರು.

“ನಾನೇ ಅತ್ತೆ. ಸೌದೆ ಕಟ್ಟೋಕೆ.” ದರ್ಜಿಯ ಹೆಂಡತಿ ಕರೆದಳೆಂದಾಗಲೀ, ಹಳೆಯ ಹಗ್ಗ ಹರಿದಿತ್ತೆಂದಾಗಲೀ ಅವಳು ಹೇಳಲಿಲ್ಲ. ಆದದ್ದನ್ನೆಲ್ಲ ಸಾಲಾಗಿ ಹೇಳಿದಳು.

“ಸೌದೆ?”

“ಹಗ್ಗ ಬಿಚ್ಚಿದ್ನಲ್ಲ. ಬೀದಿಯವರದಾಯ್ತು.”

ಅತ್ತೆ ಬೀದಿಯ ಕಡೆ ನೋಡಿದರು. ಬೇಕರಿಯವನು ಒಂದು ತುಂಡನ್ನು ಬೆನ್ನ ಹಿಂದೆ ಬಚ್ಚಿಡಲು ನೋಡಿ, ಅದು ಅವನ ಎತ್ತರವೇ ಇದ್ದದ್ದರಿಂದ ಆಗದೆ, “ನಿಯಮ ನಿಯಮಾನೇ ಅಲ್ವಾ ಅಮ್ಮ” ಎಂದ. ಅತ್ತೆ ಮರದ ಬಳಿ ಕೂತು, ಕಚ್ಚಿನೊಳಗೆ ಬೆರಳು ಇಳಿಸಿ ಆಳ ನೋಡಿದರು. ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಕೆಂಪು ಬಳೆಯ ಮೇಲೆ ಒಮ್ಮೆ ಬಲವಾಗಿ ತಿಕ್ಕಿ, ಹೆಬ್ಬೆರಳನ್ನು ಬೆಳಕಿಗೆ ಹಿಡಿದರು. ಬೆರಳು ಶುಭ್ರವಾಗಿತ್ತು.

“ಎಷ್ಟು ಹೊತ್ತಿಂದ ಉಜ್ತಿದೀಯ?”

“ಮಧ್ಯಾಹ್ನದಿಂದ.”

“ಬೂದಿ ಹಾಕಿ?”

“ಬೂದಿ, ಸೋಪು, ಸುಣ್ಣ. ಎಲ್ಲ ಹಾಕಿದೆ ಅತ್ತೆ.”

ಅತ್ತೆಯ ಬಾಯಿಯ ಒಂದು ಕೊನೆ ಅಲುಗಿತು. “ನೂಲು ಹರಿದು ಹೋಗಬಹುದು...” ಎಂದು ಶುರು ಮಾಡಿ, ಅಲ್ಲಿಗೇ ನಿಲ್ಲಿಸಿದರು. ಈಗ ಅದನ್ನು ಜಂಬವಾಗಿ ಹೇಳುವುದೋ ಗೋಳಾಗಿ ಹೇಳುವುದೋ ಅವರಿಗೂ ತಿಳಿಯಲಿಲ್ಲವೆಂದು ಕಾಣುತ್ತದೆ. ಎದ್ದು ಹೇಳಿದರು: “ಉಜ್ಜಿದ್ದು ಸಾಕು, ತೊಗಟೆ ಸುಲಿದು ಹೋದೀತು. ಹಗ್ಗ ಇದ್ದ ಕಡೆ ಹಗ್ಗ ಕಟ್ಟು. ಮೇಲೆ ಲಡಿ ಹಾಕು. ಹಸಿ ಲಡಿ ನೇತಾಡ್ತಿರೋ ಮರಾನ ಯಾವ ತಂಡದವನು ಮುಟ್ತಾನೆ ನೋಡ್ತೀನಿ.”

“ಲಡಿ ಎಲ್ಲಿ ಅತ್ತೆ? ಎಲ್ಲ ನೀವು ತಗೊಂಡು ಹೋದ್ರಿ. ಕೆಂಪು ಹಂಡೇಲಿ ಇರೋದಷ್ಟೇ, ಅದನ್ನಿನ್ನೂ ಇಳಿಸಿಲ್ಲ.”

“ಇಳಿಸು ಮತ್ತೆ. ನಾನಾ ಇಳಿಸೋದು? ನನಗೆ ಕೈ ನೋವು.”

ಸೊಸೆ ಒಂದು ಕ್ಷಣ ಅವರನ್ನೇ ನೋಡಿ, ತಲೆ ತಗ್ಗಿಸಿ ಒಳಗೆ ಹೋದಳು. ಹಂಡೆ ಕುದಿದಿರಲಿಲ್ಲ, ಆರಿಯೂ ಇರಲಿಲ್ಲ. ಕೋಲಿಗೆ ಸಿಕ್ಕಿಸಿ ಎತ್ತಿದ ಲಡಿಗಳು ದಟ್ಟ ಕೆಂಪಾಗಿ ಏರಿ ಬಂದವು. ಅವಳು ಅವನ್ನು ಹಿಂಡಿ ಹೊರಗೆ ತರುವಷ್ಟರಲ್ಲಿ ಅತ್ತೆ ಜೇಡಿಮಣ್ಣು ಕಲೆಸಿ, ರೊಟ್ಟಿ ತಟ್ಟುವಂತೆ ತಟ್ಟಿ ತಟ್ಟಿ, ಮರದ ಗಾಯವನ್ನು ಮುಚ್ಚಿದ್ದರು. ಹಗ್ಗವನ್ನು ಇಬ್ಬರೂ ಸೇರಿ ಕಟ್ಟಿದರು. ಗಂಟನ್ನು ಮಾತ್ರ ಅತ್ತೆ ಹಾಕಿದರು, ಹಲ್ಲಿಗೂ ಬಿಚ್ಚಲು ಬಾರದಂಥ ಗಂಟು.

ಆಗ ಬೇಕರಿಯವನು ಬಂದ. ಸೌದೆಯನ್ನೇನೂ ತರಲಿಲ್ಲ. ಕಾಗದದಲ್ಲಿ ಸುತ್ತಿದ ಎರಡು ಬಿಸಿ ಬ್ರೆಡ್ಡು ಸೊಸೆಯ ಕೈಗಿಟ್ಟು, “ಒಲೆ ಇವತ್ತು ಎಷ್ಟು ಚೆನ್ನಾಗಿ ಉರೀತು ಗೊತ್ತಾ ತಂಗಿ! ಅಂಥ ಸೌದೆ” ಎಂದು ಮನಸಾರೆ ಹೊಗಳಿ ಹೋದ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಹಸಿವೆಯೂ ಆಗಿತ್ತು. ಹಸಿವೆ ಗೆದ್ದಿತು.

ಮರುದಿನ ಬಂದ ತಂಡ ಲಡಿಗಳ ಅಡಿಯಲ್ಲಿ ತಲೆ ಬಗ್ಗಿಸಿ, ಅಂಗಿಗೆ ಕೆಂಪು ತಾಗದಂತೆ ನೋಡಿಕೊಂಡು, ಮುಂದೆ ಹೋಯಿತು.

ಅದಾದ ಮೇಲೆ ಅತ್ತೆ ಕೆಲವು ದಿನ ಹಗಲೆಲ್ಲ ಬಾಗಿಲಲ್ಲಿ ಕೂತು ಏನೋ ಹೊಸೆಯುತ್ತಿದ್ದರು. ಕೇಳಿದರೆ “ನಿನ್ನ ಹಂಡೆ ನೋಡ್ಕೋ” ಎನ್ನುತ್ತಿದ್ದರು. ಹಾಳಾದ ನೂಲು, ಗಂಟುಬಿದ್ದ ನೂಲು, ಬಣ್ಣ ನೋಡಲು ಅದ್ದಿ ಬಿಟ್ಟ ತುಂಡು ನೂಲು ಎಲ್ಲ ಅವರ ಮಡಿಲಲ್ಲಿತ್ತು. ಒಂದು ಬೆಳಿಗ್ಗೆ, ಕೆಳಗೆ ಮತ್ತೆ ಮರ ಬಿದ್ದ ಸದ್ದು ಕೇಳಿದಾಗ, ಸೊಸೆ ಹಂಡೆಯ ಮುಂದಿನಿಂದ ಅಲುಗಲಿಲ್ಲ. ಅತ್ತೆ ಎದ್ದು ಬಂದು ಅವಳ ಕೈಯಿಂದ ಕೋಲು ತೆಗೆದುಕೊಂಡು, ತೋಳಿನಷ್ಟು ದಪ್ಪ ಸುರುಳಿಯೊಂದನ್ನು ಅವಳ ಹೆಗಲಿಗೆ ಹಾಕಿದರು. ಹೊಸ ಹಗ್ಗ. ಕೆಂಪು, ಹಳದಿ, ಕಂದು, ಎಲ್ಲ ಬಣ್ಣದ್ದು.

“ಮರದ್ದು ಮರಕ್ಕೆ. ಇದು ಸೌದೆಗೆ,” ಎಂದರು. “ಹೋಗು ಬೇಗ. ಆ ಬನ್ನಿನವನು ಆಗ್ಲೇ ಇಳಿದು ಹೋದ.”

“ಹಂಡೆ...”

“ನಾನು ನೋಡ್ಕೋತೀನಿ ಹೋಗೇ.”

“ಕೈ ನೋವು ಅಂದ್ರಿ?”

“ಹೋಗ್ತೀಯೋ ಇಲ್ವೋ?”

ಬಳಸಿನಲ್ಲಿ ಅವಳು ಗಾಡಿಯ ಸುತ್ತ ಆ ಬಣ್ಣಬಣ್ಣದ ಹಗ್ಗ ಬಿಗಿಯುವುದನ್ನು ಮೇಸ್ತ್ರಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಹತ್ತಿರ ಬಂದು, ಒಂದು ಬೆರಳಿನಿಂದ ಹಗ್ಗವನ್ನು ಮುಟ್ಟಿ, ಬೆರಳನ್ನು ತಿರುಗಿಸಿ ನೋಡಿಕೊಂಡ.

“ಬಣ್ಣ ಬಿಡಲ್ಲ ಮೇಸ್ತ್ರಿಯಣ್ಣ,” ಎಂದಳು ಸೊಸೆ. “ಪಟಕ ಹಾಕಿದೆ.”

“ಇರ್ಲಿ ತಾಯಿ,” ಎಂದ ಮೇಸ್ತ್ರಿ, “ಆದ್ರೂ ಇದನ್ನ ಯಾವ ಮರಕ್ಕೂ ಒರಗಿಸಬೇಡ.”